ಹಡಗೇ ಕಾಲೇಜಾಗಿದ್ದಾಗ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪಿಯುಸಿ ಫಲಿತಾಂಶದ ಆಸುಪಾಸಿನಲ್ಲಿ ‘ಮರ್ಚೆಂಟ್ ನೇವಿ’ ಬಗ್ಗೆ ಬರುವ ಪತ್ರಗಳಲ್ಲಿ ಈ ಸಲ ಹಲವು ಒಂದೇ ಸಂಸ್ಥೆಯನ್ನು ಕುರಿತಿವೆ. 1927ರಲ್ಲಿ ಮುಂಬೈಯ ಮಝಗಾಂವ್ ಎದುರು ನಿಂತಿದ್ದ ‘ಡಫರಿನ್’ ಹಡಗಿನಲ್ಲಿ ಶುರುವಾಗಿ ಈಗ ನವಿ ಮುಂಬೈಯಲ್ಲಿ ‘ಟಿ.ಎಸ್. ಚಾಣಕ್ಯ’ ಎಂಬ ಹೆಸರಿನಲ್ಲಿರುವ ಸರ್ಕಾರಿ ಕಾಲೇಜು ಅದು. ಡೆಕ್ (ಹಡಗಿಗೆ ದಾರಿ ತೋರಿಸಿ ನಡೆಸುವ ವಿಭಾಗ) ಮತ್ತು ಇಂಜಿನ್ ಎರಡೂ ಕಡೆಯ ಕೆಲಸ ಬಲ್ಲವರು ಸೇರಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಟಿ.ಎಸ್. ಎಂದರೆ ‘ಟ್ರೇನಿಂಗ್ ಶಿಪ್’ ಎಂದು ಓದಿದೆ. ನೆರೂಲ್‌ನಲ್ಲಿ ನೋಡಿದರೆ ಅಲ್ಲಿರುವುದು ಕಟ್ಟಡ. ಹಡಗು ಎಲ್ಲಿ ಹೋಯಿತು? (ಹೊನ್ನಾವರ)

ಹಡಗು ಹೋಗಿ ಮೂವತ್ತು ವರ್ಷ ದಾಟಿತು. ಹೆಸರು ಮಾತ್ರ ಉಳಿದಿದೆ.

‘ಡಫರಿನ್’ 1904ರಲ್ಲಿ ಇಂಗ್ಲೆಂಡಿನ ಬ್ಯಾರೋದಲ್ಲಿ ಸೈನಿಕರನ್ನು ಸಾಗಿಸುವುದಕ್ಕೆಂದು ಕಟ್ಟಿದ ಹಡಗು. ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್ ಹೆಸರು ಅದಕ್ಕೆ. ಮೊದಲ ಮಹಾಯುದ್ಧದಲ್ಲಿ ಕೆಂಪು ಸಮುದ್ರದ ಗಸ್ತಿನಲ್ಲೂ ಇತ್ತು. ವಯಸ್ಸಾದ ಮೇಲೆ ಅದನ್ನು ಮಝಗಾಂವ್ ಎದುರು ಕಾಯಂ ಲಂಗರಿಗೆ ಕಟ್ಟಿ, 1927ರ ಡಿಸೆಂಬರ್‌ನಲ್ಲಿ ಅದರೊಳಗೇ ಶಾಲೆ ತೆರೆದರು. ಮೊದಲ ತಂಡದಲ್ಲಿ 26 ಹುಡುಗರು. ಅವರಲ್ಲಿ ಒಬ್ಬರಾದ ರಾಮದಾಸ್ ಕಟಾರಿ 1958ರಲ್ಲಿ ಭಾರತೀಯ ನೌಕಾಪಡೆಯ ಮುಖ್ಯಸ್ಥರಾದರು. ಆ ಹುದ್ದೆಗೇರಿದ ಮೊದಲ ಭಾರತೀಯ ಅವರೇ. ವ್ಯಾಪಾರಿ ಹಡಗಿಗೆ ಅಧಿಕಾರಿಗಳನ್ನು ತಯಾರಿಸಲು ತೆರೆದ ಶಾಲೆ ಯುದ್ಧನೌಕೆಗೂ ಮುಖ್ಯಸ್ಥರನ್ನು ಕೊಟ್ಟಿತು.

1935ರ ಹೊತ್ತಿಗೆ ಇಂಜಿನಿಯರ್ ಕೆಡೆಟ್‌ಗಳೂ ಬಂದರು. ಸ್ವಾತಂತ್ರ್ಯದ ನಂತರ ಇಂಜಿನಿಯರಿಂಗ್ ತರಬೇತಿಯನ್ನು ಬೇರೆ ಮಾಡಿ 1949ರಲ್ಲಿ ಕೋಲ್ಕತ್ತ ಮತ್ತು ಮುಂಬೈಗೆ ಒಯ್ದರು. ಕೋಲ್ಕತ್ತದ ತಾರಾತಲಾದಲ್ಲಿರುವ ಕಾಲೇಜನ್ನು ಹಳಬರು ಈಗಲೂ ‘ಡಿಎಂಇಟಿ’ (ಡೈರೆಕ್ಟೊರೇಟ್ ಆಫ್ ಮೆರೈನ್ ಇಂಜಿನಿಯರಿಂಗ್ ಟ್ರೇನಿಂಗ್) ಎಂದೇ ಕರೆಯುತ್ತಾರೆ. ಡಫರಿನ್‌ನಲ್ಲಿ ಉಳಿದದ್ದು ಡೆಕ್ ವಿಭಾಗ. 1972ರಲ್ಲಿ ಆ ಹಡಗಿಗೆ ನಿವೃತ್ತಿಯಾಯಿತು. ಅದರ ಜಾಗಕ್ಕೆ ಬಂದದ್ದು ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರಿನ ‘ರಾಜೇಂದ್ರ’. 1993ರಲ್ಲಿ ‘ರಾಜೇಂದ್ರ’ವನ್ನೂ ಬಿಟ್ಟು ನವಿ ಮುಂಬೈಯ ಕರಾವೆ ಬಳಿ ದಡದ ಮೇಲೆಯೇ ಕಾಲೇಜು ಕಟ್ಟಿದರು. ಅದೇ ‘ಚಾಣಕ್ಯ’. ಇಟ್ಟಿಗೆ ಸಿಮೆಂಟಿನ ಕಟ್ಟಡಕ್ಕೆ ‘ಹಡಗು’ ಎಂಬ ಬಿರುದು ಉಳಿಸಿಕೊಂಡದ್ದು ಹೊರಗಿನವರಿಗೆ ತಮಾಷೆ ಅನಿಸಬಹುದು. ನೌಕೆಯವರಲ್ಲಿ ಅದು ವಾಡಿಕೆ. ನೌಕಾಪಡೆಯ ದಡದ ನೆಲೆಗಳಿಗೂ ಹಡಗಿನಂತೆಯೇ ‘ಐಎನ್‌ಎಸ್’ ಎಂದು ಹೆಸರಿಡುತ್ತಾರಲ್ಲ.

2008ರಲ್ಲಿ ಸಂಸತ್ತು ಭಾರತೀಯ ಕಡಲ ವಿಶ್ವವಿದ್ಯಾಲಯದ (ಐಎಂಯು) ಕಾಯ್ದೆ ಮಾಡಿತು. ಚಾಣಕ್ಯ, ತಾರಾತಲಾ, ಮುಂಬೈ ಬಂದರಿನ ಕಾಲೇಜು ಎಲ್ಲವೂ ಅದರ ಕ್ಯಾಂಪಸ್‌ಗಳಾದವು. ಕೇಂದ್ರ ಕಚೇರಿ ಚೆನ್ನೈ. ಚೆನ್ನೈ, ಕೊಚ್ಚಿ, ಕೋಲ್ಕತ್ತ, ಮುಂಬೈ ಬಂದರು, ನವಿ ಮುಂಬೈ, ವಿಶಾಖಪಟ್ಟಣ ಎಂದು ಒಟ್ಟು 6 ಕ್ಯಾಂಪಸ್. 300 ಕಿಲೋಮೀಟರಿಗೂ ಹೆಚ್ಚು ಕರಾವಳಿ ಇರುವ ಕರ್ನಾಟಕದಲ್ಲಿ ಒಂದೂ ಇಲ್ಲ.

ಪ್ರಶ್ನೆ: ನಮ್ಮ ಕಡೆಯವರು ತಲೆಮಾರುಗಳಿಂದ ಮಂಜಿ, ಪತ್ತೆಮಾರಿ ಎಂಬ ಹಾಯಿಹಡಗು ಓಡಿಸಿದವರು. ಬ್ರಿಟಿಷ್ ಸ್ಟೀಮರುಗಳ ತುಂಬ ಭಾರತೀಯ ಖಲಾಸಿಗಳಿದ್ದರು. ಹಾಗಿದ್ದರೆ 1927ರಲ್ಲಿ ಹೊಸದಾಗಿ ಕಲಿಸುವ ಅಗತ್ಯವೇನಿತ್ತು? (ಕುಂದಾಪುರ)

ಖಲಾಸಿಗಳಿದ್ದರು, ಅಧಿಕಾರಿಗಳಿರಲಿಲ್ಲ. ಹಡಗಿನ ಅಧಿಕಾರಿಯಾಗಲು ಸರ್ಕಾರ ಕೊಡುವ ಪ್ರಮಾಣಪತ್ರ ಬೇಕು. ಅದರ ಪರೀಕ್ಷೆಗೆ ಕೂರಲು ಅಪ್ರೆಂಟಿಸ್ ಆಗಿ ಹಡಗಿನಲ್ಲಿ ದುಡಿದ ದಾಖಲೆ ಬೇಕು. ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಬೇಕಾದ ಬ್ರಿಟಿಷ್ ಕಂಪನಿಗಳು ಭಾರತೀಯರಿಗೆ ಬಾಗಿಲು ಹಾಕಿದ್ದವು. ಹಾಯಿ, ಗಾಳಿ, ನಕ್ಷತ್ರ ಎಲ್ಲ ತಿಳಿದಿದ್ದ ಮಂಜಿಯ ತಂಡೇಲನಿಗೂ (ನಾಯಕನಿಗೂ) ಸ್ಟೀಮರಿನ ಬ್ರಿಡ್ಜ್ ಮೇಲೆ, ಅಂದರೆ ಹಡಗನ್ನು ನಡೆಸುವ ಜಾಗದಲ್ಲಿ, ಸ್ಥಾನವಿರಲಿಲ್ಲ.

1922ರಲ್ಲಿ ಪಿ.ಎಸ್. ಶಿವಸ್ವಾಮಿ ಅಯ್ಯರ್ ಕೇಂದ್ರ ಶಾಸನಸಭೆಯಲ್ಲಿ ಈ ವಿಷಯದ ನಿರ್ಣಯ ಮಂಡಿಸಿದರು. 1923ರಲ್ಲಿ ವ್ಯಾಪಾರಿ ನೌಕಾ ಸಮಿತಿ ರಚನೆಯಾಯಿತು. ತರಬೇತಿ ಹಡಗು ಬೇಕು ಎಂದದ್ದು ಆ ಸಮಿತಿಯೇ. ಮಾದರಿ ಬ್ರಿಟನ್ನಿನದು: ಮರ್ಸಿ ನದಿಯ ‘ಕಾನ್ವೇ’, ಥೇಮ್ಸ್ ನದಿಯ ‘ವೂಸ್ಟರ್’ ಎಂಬ ಲಂಗರು ಹಾಕಿದ ಶಾಲಾ ಹಡಗುಗಳು. ತರಬೇತಿ ಮುಗಿಸಿದ ಹುಡುಗರಿಗೆ ಹಡಗು ಸಿಗಬೇಕಲ್ಲ? ಅಲ್ಲಿ ನೆರವಿಗೆ ಬಂದದ್ದು 1919ರಲ್ಲಿ ಹುಟ್ಟಿದ ಸ್ವದೇಶಿ ಕಂಪನಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್. ಅದರ ‘ಲಾಯಲ್ಟಿ’ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟ ಏಪ್ರಿಲ್ 5 ಈಗ ರಾಷ್ಟ್ರೀಯ ಕಡಲ ದಿನ. ಪರೀಕ್ಷೆಗಿಂತ ಮೊದಲು ಹಡಗು ಸಿಗಬೇಕು ಎಂಬ ಆ ಕಾಲದ ತೊಡಕು ರೂಪ ಬದಲಿಸಿಕೊಂಡು ಇವತ್ತಿಗೂ ಇದೆ. ಮುಂದಿನ ಉತ್ತರಗಳಲ್ಲಿ ಅದು ಮತ್ತೆ ಬರುತ್ತದೆ.

ಪ್ರಶ್ನೆ: ನಿಂತ ಹಡಗಿನಲ್ಲಿ ಏನು ಕಲಿಯಲು ಸಾಧ್ಯ? ದಡಕ್ಕೆ ಬಂದದ್ದರಿಂದ ಕಳೆದುಕೊಂಡದ್ದೇನು? (ಧಾರವಾಡ)

ನಿಂತ ಹಡಗು ಸಮುದ್ರಯಾನ ಕಲಿಸುವುದಿಲ್ಲ, ಹಡಗಿನ ಬದುಕನ್ನು ಕಲಿಸುತ್ತದೆ. ಬೆಳಿಗ್ಗೆ ಎದ್ದು ಡೆಕ್ ತೊಳೆಯುವುದು, ಹುಟ್ಟು ಹಾಕಿ ದೋಣಿ ನಡೆಸುವುದು, ಹಗ್ಗದ ಗಂಟು, ಬಾವುಟದ ಸಂಕೇತ. ಒಂದು ಮಗ್ಗುಲಿನವನ ಸೋಮಾರಿತನ ಇನ್ನೊಂದು ಮಗ್ಗುಲಿನವನ ಹೊರೆಯಾಗುವುದು ಇಕ್ಕಟ್ಟಿನಲ್ಲಿ ಬೇಗ ತಿಳಿಯುತ್ತದೆ.

ಆದರೆ ನಿಂತ ಹಡಗನ್ನು ಇಟ್ಟುಕೊಳ್ಳುವುದು ಓಡುವ ಹಡಗಿಗಿಂತ ಕಷ್ಟ. ತಳಕ್ಕೆ ಬಳಿಯುವ ಸಾಮಾನ್ಯ ವಿಷಬಣ್ಣ ಹಡಗು ಚಲಿಸುವಾಗ ನೀರಿನ ಉಜ್ಜಿಗೆ ಪದರ ಪದರವಾಗಿ ಸವೆದು ಕೆಲಸ ಮಾಡುತ್ತದೆ. ನಿಂತರೆ ಸವೆಯುವುದಿಲ್ಲ, ಚಿಪ್ಪುಜೀವಿ ಹತ್ತುತ್ತದೆ. ನೀರು ಮತ್ತು ಗಾಳಿ ಸರದಿಯಲ್ಲಿ ತಾಗುವ ಗೆರೆಯಲ್ಲಿ ಉಕ್ಕನ್ನು ತುಕ್ಕು ಬೇಗ ತಿನ್ನುತ್ತದೆ. ತಗಡು ಬದಲಿಸಲು ನೀರು ಬತ್ತಿಸಿ ಹಡಗು ದುರಸ್ತಿ ಮಾಡುವ ಡ್ರೈಡಾಕ್‌ಗೆ ಒಯ್ಯಬೇಕು, ಒಯ್ದಷ್ಟು ದಿನ ಶಾಲೆಗೆ ರಜೆ. ಸಿಹಿನೀರು, ವಿದ್ಯುತ್ತು, ಕೊಳಚೆ ಎಲ್ಲಕ್ಕೂ ದೋಣಿ ಅಥವಾ ಯಂತ್ರ. ಪಾಠಕ್ಕೆ ರೇಡಾರ್, ವಿದ್ಯುನ್ಮಾನ ನಕ್ಷೆ, ಬ್ರಿಡ್ಜ್ ಸಿಮ್ಯುಲೇಟರ್ ಬಂದ ಮೇಲೆ ಅವನ್ನು ಕೂರಿಸಲು ಹಳೆಯ ಹಡಗಿನ ಕೋಣೆಗಳು ಸಾಲುವುದೂ ಇಲ್ಲ. ದಡಕ್ಕೆ ಬಂದದ್ದು ಸರಿಯೇ ಎಂಬುದು ನಮ್ಮ ಅಭಿಪ್ರಾಯ.

ಕಳೆದದ್ದೂ ಇದೆ. ಸಿಮ್ಯುಲೇಟರಿನಲ್ಲಿ ಮಂಜು, ಮಳೆ, ಎದುರು ಬರುವ 10 ಹಡಗು ಎಲ್ಲ ತೋರಿಸಬಹುದು. ವಾಂತಿ ತೋರಿಸಲಾಗದು. ರಾತ್ರಿ 12ರಿಂದ 4ರ ಕಾವಲು ಮುಗಿಸಿ, ಸರಿಯಾಗಿ ನಿದ್ದೆಯಾಗದೆ, ಮಧ್ಯಾಹ್ನ 12ಕ್ಕೆ ಮತ್ತೆ ಹಾಜರಾಗುವ ಆಯಾಸವನ್ನೂ ತೋರಿಸಲಾಗದು. ಕಾಲೇಜಿನಲ್ಲಿ ಪದಕ ಗೆದ್ದ ಕೆಲವರು ಮೊದಲ ಮುಂಗಾರಿನಲ್ಲೇ ಕೈಚೆಲ್ಲುವುದು ಇಲ್ಲಿ.

ಪ್ರಶ್ನೆ: ಜಿಪಿಎಸ್ ಇರುವಾಗ ಇನ್ನೂ ಸೆಕ್ಸ್‌ಟೆಂಟ್ (ಸೂರ್ಯ, ನಕ್ಷತ್ರಗಳ ಎತ್ತರದ ಕೋನ ಅಳೆಯುವ ಉಪಕರಣ) ಕಲಿಸುತ್ತಾರಂತೆ. ಇದು ಹಳೆಯ ಗೀಳಲ್ಲವೇ? (ಮೈಸೂರು, ಭೌತಶಾಸ್ತ್ರ ಉಪನ್ಯಾಸಕರು)

ಅಂತರರಾಷ್ಟ್ರೀಯ ತರಬೇತಿ ಒಪ್ಪಂದವಾದ ಎಸ್‌ಟಿಸಿಡಬ್ಲ್ಯುನಲ್ಲಿ ಆಕಾಶ ನೋಡಿ ಸ್ಥಾನ ಕಂಡುಹಿಡಿಯುವುದು ಈಗಲೂ ಇದೆ. ಉಪಗ್ರಹದ ಸಂಕೇತವನ್ನು ಕೆಡಿಸುವುದು, ಸುಳ್ಳು ಸಂಕೇತ ಕಳಿಸುವುದು ಈಗ ಕಪ್ಪು ಸಮುದ್ರದಲ್ಲೂ ಪರ್ಷಿಯನ್ ಕೊಲ್ಲಿಯಲ್ಲೂ ನಡೆಯುತ್ತಿದೆ. ಸೂರ್ಯನನ್ನು ಯಾರೂ ಜಾಮ್ ಮಾಡಲಾಗದು.

ನಿಮ್ಮ ವಿದ್ಯಾರ್ಥಿಗಳಿಗೆ ಮಾಡಿಸಲು ಒಂದು ಲೆಕ್ಕ. ಮಾರ್ಚ್ ವಿಷುವದ ದಿನ ಹಡಗು ಮಂಗಳೂರಿನ ಎದುರು ಇದೆ ಎನ್ನಿ. ಸೂರ್ಯ ನೆತ್ತಿಯ ಗೆರೆ ದಾಟುವ ಹೊತ್ತಿಗೆ ಸ್ವಲ್ಪ ಮೊದಲೇ ಸೆಕ್ಸ್‌ಟೆಂಟ್ ಹಿಡಿದು ಸೂರ್ಯನ ಕೆಳ ಅಂಚನ್ನು ದಿಗಂತಕ್ಕೆ ತಾಗಿಸಬೇಕು. ಉಪಕರಣವನ್ನು ಎಡಬಲಕ್ಕೆ ಮೆಲ್ಲಗೆ ತೂಗಿದರೆ ಬಿಂಬ ಬಿಲ್ಲಿನಂತೆ ಚಲಿಸುತ್ತದೆ. ಆ ಬಿಲ್ಲಿನ ಅತಿ ಕೆಳಗಿನ ಬಿಂದು ದಿಗಂತಕ್ಕೆ ತಾಗಬೇಕು. ಏರುತ್ತಿದ್ದ ಕೋನ ನಿಂತು ಇಳಿಯತೊಡಗುವ ಮುಂಚಿನ ಗರಿಷ್ಠ ಓದನ್ನು ಬರೆದುಕೊಳ್ಳಬೇಕು. ಅದು 76° 59′ ಬಂತು, ಉಪಕರಣದ ದೋಷ ಸೊನ್ನೆ ಎಂದಿಟ್ಟುಕೊಳ್ಳಿ.

ಕಣ್ಣು ನೀರಿನಿಂದ 16 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಕೆಳಗಿಳಿದು ಕಾಣುತ್ತದೆ. ಆ ಇಳಿಕೆಯು ಎತ್ತರದ ವರ್ಗಮೂಲವನ್ನು 1.76ರಿಂದ ಗುಣಿಸಿದಷ್ಟು, ಅಂದರೆ 7′. ಇದನ್ನು ಕಳೆಯಿರಿ: 76° 52′. ಅಷ್ಟು ಎತ್ತರದ ಸೂರ್ಯನಿಗೆ ಗಾಳಿಯ ವಕ್ರೀಭವನ ಸುಮಾರು 0.2′, ಅದನ್ನೂ ಕಳೆಯಿರಿ. ಕೆಳ ಅಂಚನ್ನು ಅಳೆದದ್ದರಿಂದ ಸೂರ್ಯನ ಅರೆವ್ಯಾಸ 16′ ಕೂಡಿಸಿ: 77° 7.8′. 90°ಯಿಂದ ಕಳೆದರೆ 12° 52.2′. ಆ ಹೊತ್ತು ಸೂರ್ಯ ವಿಷುವದ್ರೇಖೆಯ ಮೇಲಿರುವುದರಿಂದ ಬೇರೆ ತಿದ್ದುಪಡಿ ಬೇಡ. ಇದೇ ನಿಮ್ಮ ಅಕ್ಷಾಂಶ, ಮಂಗಳೂರಿನದೇ.

ತಪ್ಪುವುದು ಎಲ್ಲಿ? ದಿಗಂತದ ಇಳಿಕೆಯನ್ನು ಕಳೆಯುವ ಬದಲು ಕೂಡಿಸಿದರೆ 14′ ವ್ಯತ್ಯಾಸ. ಒಂದು ನಿಮಿಷದ ಅಕ್ಷಾಂಶ ಒಂದು ನಾಟಿಕಲ್ ಮೈಲು, 1852 ಮೀಟರ್. ಅಂದರೆ ಹಡಗು ನಕ್ಷೆಯಲ್ಲಿ 26 ಕಿಲೋಮೀಟರ್ ಆಚೆ ಇರುತ್ತದೆ. ಮೇಲಂಚು ಅಳೆದು ಕೆಳ ಅಂಚಿನ ಲೆಕ್ಕ ಹಾಕಿದರೆ 32′, ಸುಮಾರು 59 ಕಿಲೋಮೀಟರ್. ಇಷ್ಟಾಗಿಯೂ ಸೆಕ್ಸ್‌ಟೆಂಟ್‌ನ ದೊಡ್ಡ ಉಪಯೋಗ ಸ್ಥಾನ ತಿಳಿಯುವುದಲ್ಲ, ಪರದೆಯ ಮೇಲಿನ ಅಂಕಿಯನ್ನು ನಂಬದೆ ಇನ್ನೊಂದು ದಾರಿಯಿಂದ ತಾಳೆ ನೋಡುವ ಅಭ್ಯಾಸ.

ಪ್ರಶ್ನೆ: ನನ್ನ ಮಗನಿಗೆ ಕೆಂಪು ಹಸಿರು ಗುರುತಿಸುವುದರಲ್ಲಿ ಸ್ವಲ್ಪ ಗೊಂದಲ. ಕಾಲೇಜಿಗೆ ಸೇರಿದ ಮೇಲೆ ಸರಿಮಾಡಿಕೊಳ್ಳಬಹುದೇ? (ಹಾಸನ)

ಇಲ್ಲ ತಾಯಿ. ಹುಟ್ಟಿನಿಂದ ಬಂದ ಬಣ್ಣಗುರುಡಿಗೆ ಚಿಕಿತ್ಸೆ ಇಲ್ಲ, ಡೆಕ್‌ಗೂ ಇಂಜಿನ್‌ಗೂ ಅದು ಆಗುವುದಿಲ್ಲ.

ಕಾರಣ ಕಾಗದದ ನಿಯಮವಲ್ಲ. ರಾತ್ರಿ ಎದುರಿನ ಹಡಗು ಕಾಣುವುದು ಬರೀ ದೀಪಗಳಾಗಿ. ಅದರ ಎಡಮಗ್ಗುಲಲ್ಲಿ ಕೆಂಪು, ಬಲಮಗ್ಗುಲಲ್ಲಿ ಹಸಿರು. ಎರಡೂ ಮೂತಿಯ ನೇರದಿಂದ ತಮ್ಮ ಬದಿಗೆ 112.5° ಮಾತ್ರ ಕಾಣುತ್ತವೆ. ಹಿಂದಿನ ಬಿಳಿ ದೀಪ 135°. ಎರಡು ಬಣ್ಣವೂ ಒಟ್ಟಿಗೆ ಕಂಡರೆ ಅದು ನಿಮ್ಮ ಮೂತಿಗೇ ಬರುತ್ತಿದೆ, ಇಬ್ಬರೂ ಬಲಕ್ಕೆ ತಿರುಗಬೇಕು. ನಿಮ್ಮ ಬಲಗಡೆ ಕೆಂಪು ಕಂಡು ಅದು ನಿಮ್ಮ ದಾರಿಯನ್ನು ಅಡ್ಡ ದಾಟುತ್ತಿದ್ದರೆ ದಾರಿ ಬಿಡಬೇಕಾದವರು ನೀವು. ಕೆಂಪನ್ನು ಹಸಿರೆಂದುಕೊಂಡರೆ ನಿರ್ಧಾರ ತಲೆಕೆಳಗು. ಇಂಜಿನ್ ರೂಮಿನಲ್ಲಿ ವೈರು, ಪೈಪು, ಎಚ್ಚರಿಕೆ ದೀಪ ಎಲ್ಲವೂ ಬಣ್ಣದ ಮೇಲೆ ನಿಂತಿವೆ.

ನಾವು ಎಲ್ಲ ಪೋಷಕರಿಗೂ ಹೇಳುವುದು ಇಷ್ಟೇ: ಅರ್ಜಿಗೂ ಮೊದಲು, ಕೋಚಿಂಗ್ ಶುಲ್ಕ ಕಟ್ಟುವುದಕ್ಕೂ ಮೊದಲು, ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಸಾರಿಗೆ ಮಹಾನಿರ್ದೇಶನಾಲಯ) ಅನುಮೋದಿತ ವೈದ್ಯರ ಹತ್ತಿರ ಕಣ್ಣು ಪರೀಕ್ಷೆ ಮಾಡಿಸಿ. ಊರಿನ ಕಣ್ಣಿನ ವೈದ್ಯರು ‘ಓದಲು ತೊಂದರೆ ಇಲ್ಲ’ ಎಂದರೆ ಸಾಲದು, ಇಶಿಹಾರಾ ಪುಸ್ತಕದಿಂದ ಬಣ್ಣದ ಪರೀಕ್ಷೆಯನ್ನೇ ಕೇಳಿ ಮಾಡಿಸಬೇಕು. ಡೆಕ್‌ಗೆ ಕನ್ನಡಕವಿಲ್ಲದ ದೃಷ್ಟಿ ಬೇಕು. ಇಂಜಿನ್ ವಿಭಾಗದಲ್ಲಿ ಮಿತಿಯೊಳಗಿನ ಕನ್ನಡಕಕ್ಕೆ ಅವಕಾಶವಿದೆ. ಕಡಲಿನ ಮೇಲೆ ಆಸೆಯಿದ್ದರೆ ವಿಶಾಖಪಟ್ಟಣ ಕ್ಯಾಂಪಸ್‌ನಲ್ಲಿ ಹಡಗಿನ ವಿನ್ಯಾಸ ಕಲಿಸುವ ನೇವಲ್ ಆರ್ಕಿಟೆಕ್ಚರ್ ಇದೆ. ಅದು ದಡದ ಉದ್ಯೋಗ. ಹುಡುಗನಿಗೆ ಅದನ್ನು ತೋರಿಸಿ.

ಪ್ರಶ್ನೆ: ಮೂರು ವರ್ಷದ ಬಿ.ಎಸ್ಸಿ. ಒಳ್ಳೆಯದೇ, ಒಂದು ವರ್ಷದ ಡಿಎನ್‌ಎಸ್ (ಡಿಪ್ಲೊಮಾ ಇನ್ ನಾಟಿಕಲ್ ಸೈನ್ಸ್) ಒಳ್ಳೆಯದೇ? (ಶಿವಮೊಗ್ಗ)

ಎರಡಕ್ಕೂ ಬಾಗಿಲು ಒಂದೇ: ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ ಸೇರಿ ಶೇ 60 ಅಂಕ, ಇಂಗ್ಲಿಷಿನಲ್ಲಿ ಶೇ 50, ಆಮೇಲೆ ಐಎಂಯು ಪ್ರವೇಶ ಪರೀಕ್ಷೆ. ಆ ಪರೀಕ್ಷೆಯಲ್ಲಿ 3 ಗಂಟೆ, 200 ವಸ್ತುನಿಷ್ಠ ಪ್ರಶ್ನೆ. ವಯಸ್ಸು, ಮೀಸಲು ವರ್ಗದ ರಿಯಾಯಿತಿ ಇವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ.

ವ್ಯತ್ಯಾಸವಿರುವುದು ಕಾಲೇಜು ಮುಗಿದ ಮೇಲೆ. ಡೆಕ್ ಅಧಿಕಾರಿಯಾಗುವ ಮೊದಲ ಮೆಟ್ಟಿಲಾದ ‘ಸೆಕೆಂಡ್ ಮೇಟ್’ ಪರೀಕ್ಷೆಗೆ ಕೂರಲು ಬಿ.ಎಸ್ಸಿ. ನಾಟಿಕಲ್ ಸೈನ್ಸ್ ಮುಗಿಸಿದವರಿಗೆ 12 ತಿಂಗಳು, ಡಿಎನ್‌ಎಸ್‌ನವರಿಗೆ 18 ತಿಂಗಳು ಕೆಡೆಟ್ ಆಗಿ ಹಡಗಿನಲ್ಲಿ ದುಡಿದಿರಬೇಕು. ಒಟ್ಟು ಲೆಕ್ಕದಲ್ಲಿ ಡಿಎನ್‌ಎಸ್ ದಾರಿ ಬೇಗ ಮುಗಿಯುತ್ತದೆ. ಆದರೆ ಡಿಎನ್‌ಎಸ್‌ಗೆ ಹಡಗು ಕಂಪನಿಯೊಂದರ ಪ್ರಾಯೋಜನೆ ಪತ್ರ ಕೈಯಲ್ಲಿರಬೇಕು. ಪತ್ರವಿದ್ದರೆ ಕಲಿಕೆ ಮುಗಿದಾಗ ಹಡಗು ಕಾದಿರುತ್ತದೆ ಎಂಬ ಭರವಸೆ ಉಂಟು. ಬಿ.ಎಸ್ಸಿ.ಯಲ್ಲಿ ಕ್ಯಾಂಪಸ್ ಆಯ್ಕೆಯ ಮೇಲೆ ನಿಂತಿದೆ. ನಮ್ಮ ಸಲಹೆ: ಒಳ್ಳೆಯ ಕಂಪನಿಯ ಪತ್ರ ಸಿಕ್ಕರೆ ಡಿಎನ್‌ಎಸ್, ಇಲ್ಲದಿದ್ದರೆ ಐಎಂಯುವಿನ ಸ್ವಂತ ಕ್ಯಾಂಪಸ್‌ನಲ್ಲಿ ಬಿ.ಎಸ್ಸಿ. ಪತ್ರವೂ ಇಲ್ಲ, ಸ್ವಂತ ಕ್ಯಾಂಪಸ್ಸೂ ಇಲ್ಲ ಎಂದಾದರೆ ಒಂದು ವರ್ಷ ತಡೆದು ಮತ್ತೆ ಪರೀಕ್ಷೆ ಬರೆಯುವುದು ಲಕ್ಷಗಟ್ಟಲೆ ಸಾಲಕ್ಕಿಂತ ಲೇಸು.

ಕೆಡೆಟ್‌ಗಳು ಎಡವುವ ಇನ್ನೊಂದು ಜಾಗ ಕಾಗದಪತ್ರ. ತರಬೇತಿ ದಾಖಲೆ ಪುಸ್ತಕದಲ್ಲಿ ಪ್ರತಿ ಕೆಲಸಕ್ಕೂ ಹಡಗಿನ ಅಧಿಕಾರಿಯ ಸಹಿ ಬೇಕು. ‘ಇಳಿಯುವಾಗ ಒಟ್ಟಿಗೆ ಹಾಕಿಸಿದರಾಯಿತು’ ಎಂದು ಬಿಟ್ಟರೆ ಸಹಿ ಹಾಕಬೇಕಾದವರು ಹಿಂದಿನ ಬಂದರಿನಲ್ಲೇ ಇಳಿದು ಊರಿಗೆ ಹೋಗಿರುತ್ತಾರೆ. ಸಮುದ್ರ ಸೇವೆ ಲೆಕ್ಕವಾಗುವುದು ಕರಾರಿನ ತಿಂಗಳಿಂದಲ್ಲ, ಸಿಡಿಸಿ ಪುಸ್ತಕದಲ್ಲಿ (ನಾವಿಕನ ಸೇವಾ ದಾಖಲೆ ಪುಸ್ತಕ) ಬರೆದ ಹತ್ತಿದ ಮತ್ತು ಇಳಿದ ದಿನಾಂಕದಿಂದ. ಹಡಗಿಳಿಯುವ ಮುನ್ನ ಆ ಎರಡು ದಿನಾಂಕ, ಮುದ್ರೆ, ಕ್ಯಾಪ್ಟನ್ ಕೊಡುವ ಸೇವಾಪತ್ರ ಮೂರನ್ನೂ ತಾಳೆ ನೋಡಿ. ಹತ್ತು ದಿನ ಕಡಿಮೆ ಬಿದ್ದು ಇನ್ನೊಂದು ಹಡಗಿಗಾಗಿ ಆರು ತಿಂಗಳು ಕಾದವರಿದ್ದಾರೆ.

ಪ್ರಶ್ನೆ: ಇಂಜಿನ್ ವಿಭಾಗವೆಂದರೆ ದೊಡ್ಡ ಗ್ಯಾರೇಜ್ ಕೆಲಸವಷ್ಟೇ ಎನ್ನುತ್ತಾರೆ. ನಿಜವೇ? (ದಾವಣಗೆರೆ)

ಎಣ್ಣೆ ಮೆತ್ತಿಕೊಳ್ಳುವುದು ನಿಜ, ಮಿಕ್ಕದ್ದು ಅಲ್ಲ. ಒಂದೇ ಯಂತ್ರ ನೋಡಿ: ಇಂಧನವನ್ನು ಶುದ್ಧ ಮಾಡುವ ಪ್ಯೂರಿಫೈಯರ್. ಭಾರ ಇಂಧನವನ್ನು ಸುಮಾರು 98° ಸೆಲ್ಸಿಯಸ್‌ಗೆ ಕಾಯಿಸಿ ಜೋರಾಗಿ ತಿರುಗಿಸಿದರೆ ನೀರು, ಕೆಸರು ಹೊರಗಂಚಿಗೆ ಹೋಗುತ್ತವೆ, ಎಣ್ಣೆ ನಡುವೆ ಉಳಿಯುತ್ತದೆ. ಎಣ್ಣೆ ಮತ್ತು ನೀರಿನ ನಡುವಿನ ಗೆರೆ ಎಲ್ಲಿ ನಿಲ್ಲಬೇಕೆಂದು ಗ್ರಾವಿಟಿ ಡಿಸ್ಕ್ ಎಂಬ ಬಳೆಯ ರಂಧ್ರದ ಅಳತೆ ನಿರ್ಧರಿಸುತ್ತದೆ. ರಂಧ್ರ ದೊಡ್ಡದಾದರೆ ಗೆರೆ ಹೊರಕ್ಕೆ ಸರಿದು, ಎಣ್ಣೆಯನ್ನು ತಡೆದಿಡುವ ನೀರಿನ ಪದರ ಅಂದರೆ ‘ನೀರಿನ ಮುಚ್ಚಳ’ ಒಡೆಯುತ್ತದೆ, ಒಳ್ಳೆಯ ಎಣ್ಣೆ ನೀರಿನ ದಾರಿಯಲ್ಲಿ ಹೋಗುತ್ತದೆ. ಚಿಕ್ಕದಾದರೆ ನೀರು ಎಣ್ಣೆಯಲ್ಲೇ ಉಳಿಯುತ್ತದೆ. ಡಿಸ್ಕ್ ಸರಿಯಿದ್ದೂ ಹೀಟರ್ ಕೈಕೊಟ್ಟು ಬಿಸಿ ಇಳಿದರೆ ಎಣ್ಣೆ ಭಾರವಾಗಿ ಮತ್ತೆ ಮುಚ್ಚಳ ಒಡೆಯುತ್ತದೆ. ಹಾಗಾಗಿ ಎಣ್ಣೆ ಸೋರಿತೆಂದರೆ ಮೊದಲು ನೋಡಬೇಕಾದದ್ದು ಉಷ್ಣತೆ, ಆಮೇಲೆ ಡಿಸ್ಕ್. 2020ರ ಜನವರಿ 1ರಿಂದ ಇಂಧನದ ಗಂಧಕದ ಮಿತಿ ಶೇ 3.50ರಿಂದ ಶೇ 0.50ಕ್ಕೆ ಇಳಿಯಿತು. ಆಗಿನಿಂದ ಬಂದರಿಗೊಂದು ಬಗೆಯ ಮಿಶ್ರಣ ಸಿಗುತ್ತಿದೆ, ಈ ಲೆಕ್ಕವನ್ನು ಪ್ರತಿ ಸಲವೂ ಹೊಸದಾಗಿ ಮಾಡಬೇಕು.

ಪ್ರಶ್ನೆ: ತಂಗಿಯ ಮಗಳಿಗೆ ಆಸಕ್ತಿ ಇದೆ. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ? (ಶಿರಸಿ)

ಹೌದು. ಕೋಲ್ಕತ್ತದ ತಾರಾತಲಾ ಕಾಲೇಜಿನಿಂದ 1999ರಲ್ಲೇ ಸೋನಾಲಿ ಬ್ಯಾನರ್ಜಿ ದೇಶದ ಮೊದಲ ಮಹಿಳಾ ಮೆರೈನ್ ಇಂಜಿನಿಯರ್ ಆಗಿ ಹೊರಬಂದರು. ರೇಡಿಯೋ ಅಧಿಕಾರಿಯಾಗಿ ಶುರುಮಾಡಿ ಕ್ಯಾಪ್ಟನ್ ಆದ ರಾಧಿಕಾ ಮೆನನ್, ಮುಳುಗುತ್ತಿದ್ದ ದೋಣಿಯ ಮೀನುಗಾರರನ್ನು ಉಳಿಸಿದ್ದಕ್ಕೆ 2016ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಶೌರ್ಯ ಪ್ರಶಸ್ತಿ ಪಡೆದರು. ಪ್ರವೇಶದ ವಯೋಮಿತಿಯಲ್ಲಿ ಹುಡುಗಿಯರಿಗೆ 2 ವರ್ಷ ಸಡಿಲಿಕೆಯೂ ಇದೆ.

ಪ್ರಶ್ನೆ: ಆರು ವರ್ಷದಿಂದ ಟ್ರಾಲ್ ಬೋಟಿನಲ್ಲಿ ಇದ್ದೇನೆ. ಎಸ್ಸೆಸ್ಸೆಲ್ಸಿ ಆಗಿದೆ. ಆ ಅನುಭವ ವ್ಯಾಪಾರಿ ಹಡಗಿಗೆ ಲೆಕ್ಕಕ್ಕೆ ಬರುತ್ತದೆಯೇ? (ಮಲ್ಪೆ)

ನೇರವಾಗಿ ಬರುವುದಿಲ್ಲ. ಎಸ್‌ಟಿಸಿಡಬ್ಲ್ಯು ಒಪ್ಪಂದವೇ ಮೀನುಗಾರಿಕಾ ಹಡಗುಗಳನ್ನು ಹೊರಗಿಟ್ಟಿದೆ, ಅವುಗಳ ಪ್ರಮಾಣಪತ್ರ ಬೇರೆ. ನಿಮ್ಮಂಥವರಿಗೆ ಸರಿಯಾದ ಸರ್ಕಾರಿ ಸಂಸ್ಥೆ ಇನ್ನೊಂದಿದೆ. 1963ರಲ್ಲಿ ಕೊಚ್ಚಿಯಲ್ಲಿ ಶುರುವಾದ ಕೇಂದ್ರ ಮೀನುಗಾರಿಕಾ ನೌಕಾ ತರಬೇತಿ ಸಂಸ್ಥೆ ಅದು, ‘ಸಿಫ್ನೆಟ್’ ಎನ್ನುತ್ತಾರೆ. ಚೆನ್ನೈ, ವಿಶಾಖಪಟ್ಟಣಗಳಲ್ಲೂ ಘಟಕಗಳಿವೆ. ಎಸ್ಸೆಸ್ಸೆಲ್ಸಿ ಆದವರಿಗೆ ವೆಸೆಲ್ ನ್ಯಾವಿಗೇಟರ್ ಮತ್ತು ಮೆರೈನ್ ಫಿಟ್ಟರ್ ಎಂಬ ಎರಡು ವರ್ಷದ ಕೋರ್ಸುಗಳಿವೆ. ಅಲ್ಲಿಂದ ಮೀನುಗಾರಿಕಾ ಹಡಗಿನ ಮೇಟ್, ಸ್ಕಿಪರ್, ಇಂಜಿನಿಯರ್ ಪರೀಕ್ಷೆಗಳ ದಾರಿ. ವ್ಯಾಪಾರಿ ಹಡಗೇ ಬೇಕೆಂದರೆ 6 ತಿಂಗಳ ಜಿ.ಪಿ. (ಜನರಲ್ ಪರ್ಪಸ್) ರೇಟಿಂಗ್ ಕೋರ್ಸ್ ಇದೆ, ಅದು ಖಲಾಸಿ ದರ್ಜೆ. ಬಲೆ, ಹಗ್ಗ, ವಿಂಚ್ ಬಲ್ಲ ನಿಮ್ಮ ಕೈಗೆ ಅಲ್ಲಿ ಬೆಲೆ ಸಿಗುತ್ತದೆ, ಕಾಗದದಲ್ಲಲ್ಲ.

ಪ್ರಶ್ನೆ: ಏಜೆಂಟರೊಬ್ಬರು ಹಣ ಕೊಟ್ಟರೆ ತಿಂಗಳಲ್ಲಿ ಹಡಗು ಹತ್ತಿಸುತ್ತೇನೆ ಎನ್ನುತ್ತಿದ್ದಾರೆ. ನಂಬಬಹುದೇ? (ಭಟ್ಕಳ)

ನಂಬಬೇಡಿ. ನಾವಿಕನಿಂದ ಕೆಲಸ ಕೊಡಿಸುವ ಶುಲ್ಕ ಪಡೆಯುವುದೇ ನಿಷಿದ್ಧ. 2006ರ ಕಡಲ ಕಾರ್ಮಿಕ ಒಪ್ಪಂದವೂ ನಮ್ಮ ದೇಶದ ನಿಯಮವೂ ಅದನ್ನೇ ಹೇಳುತ್ತವೆ. ಹಣ ಕೇಳಿದ ಕ್ಷಣವೇ ಉತ್ತರ ಸಿಕ್ಕಂತೆ.

ಆದರೂ ಪರೀಕ್ಷಿಸುವುದಾದರೆ ಹೀಗೆ ಮಾಡಿ. ಏಜೆನ್ಸಿಯ ಆರ್‌ಪಿಎಸ್‌ಎಲ್ (ನಾವಿಕರನ್ನು ನೇಮಿಸಿ ಹಡಗಿಗೆ ಕಳಿಸಲು ಬೇಕಾದ) ಪರವಾನಗಿ ಸಂಖ್ಯೆ ಕೇಳಿ. ಡಿಜಿ ಶಿಪ್ಪಿಂಗ್ ಜಾಲತಾಣದ ಪಟ್ಟಿಯಲ್ಲಿ ಅದು ಇದೆಯೇ, ಅವಧಿ ಮುಗಿದಿದೆಯೇ, ವಿಳಾಸ ಹೊಂದುತ್ತದೆಯೇ ನೋಡಿ. ಅಸಲಿ ಏಜೆನ್ಸಿಯ ಹೆಸರು ಹಾಕಿಕೊಂಡು ಬೇರೆ ಫೋನ್ ಸಂಖ್ಯೆ ಕೊಡುವವರಿದ್ದಾರೆ, ಆದ್ದರಿಂದ ಪಟ್ಟಿಯಲ್ಲಿರುವ ಸಂಖ್ಯೆಗೇ ಕರೆ ಮಾಡಿ. ಹಡಗಿನ ಹೆಸರು ಮತ್ತು ಅದರ 7 ಅಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಕೇಳಿ. ಆ ಸಂಖ್ಯೆ ಹಡಗಿನ ಹೆಸರು ಬದಲಾದರೂ ಬದಲಾಗುವುದಿಲ್ಲ. ಕರಾರಿನಲ್ಲಿ ಹುದ್ದೆ, ಸಂಬಳ, ಅವಧಿ, ವಾಪಸ್ ಟಿಕೆಟ್ ಯಾರ ಖರ್ಚು ಎಂಬುದು ಬರೆದಿರಬೇಕು, ಹೊರಡುವ ಮುನ್ನ ನಿಮ್ಮ ಕೈಗೆ ಪ್ರತಿ ಬರಬೇಕು. ಪ್ರವಾಸಿ ವೀಸಾದಲ್ಲಿ ಕಳಿಸಿ ‘ಅಲ್ಲಿ ಹೋದ ಮೇಲೆ ಹಡಗು ಹತ್ತಿಸುತ್ತೇವೆ’ ಎಂದರೆ ಟಿಕೆಟ್ ಕೈಯಲ್ಲಿದ್ದರೂ ವಿಮಾನ ಹತ್ತಬೇಡಿ.